ತಿದ್ದುವವರ ಪಾಲಿಗೆ ಎಷ್ಟು ನಿಮಿಷ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳಲ್ಲಿ ‘ಡೈರೆಕ್ಟರ್ ಆಫ್ ಪ್ಲೇಯರ್ ಡೆವಲಪ್‌ಮೆಂಟ್’ ಅಂತ ಒಂದು ಹುದ್ದೆ ಇದೆ. ಹೆಸರು ಕೇಳಿದರೆ ಆಟಗಾರರನ್ನು ತಿದ್ದಿ ತೀಡುವುದೇ ಇವರ ಕಸುಬು ಅನ್ನಿಸುತ್ತದೆ. ಆದರೆ 2023ರ ಜೂನ್ ಕೊನೆಯವರೆಗೂ ‘ಡಿವಿಷನ್ 1’ ಎಂಬ ಅತಿ ಮೇಲಿನ ದರ್ಜೆಯ ತಂಡದಲ್ಲಿ ಈ ಡೈರೆಕ್ಟರ್ ಕೋರ್ಟಿಗಿಳಿದು ಹುಡುಗನೊಬ್ಬನಿಗೆ ‘ಮೊಣಕೈ ಒಳಗಿಡು’ ಅಂದರೆ ಅದು ನಿಯಮಭಂಗ. ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಪ್ರಕಾರ ಕೋರ್ಟಿನಲ್ಲಿ ಕಲಿಸುವ ಹಕ್ಕಿದ್ದದ್ದು ನಾಲ್ಕೇ ಜನಕ್ಕೆ: ಒಬ್ಬ ಹೆಡ್ ಕೋಚ್, ಮೂವರು ಅಸಿಸ್ಟೆಂಟ್‌ಗಳು. ಡೈರೆಕ್ಟರ್ ಸಾಹೇಬರು ಹುಡುಗರ ಕ್ಲಾಸಿನ ಹಾಜರಿ, ಟ್ಯೂಷನ್, ಹಾಸ್ಟೆಲ್ ವ್ಯವಸ್ಥೆ, ವಿಡಿಯೊ ಕತ್ತರಿಸುವ ಕೆಲಸ ನೋಡಿಕೊಂಡು ಪ್ರಾಕ್ಟೀಸಿನ ಹೊತ್ತಿಗೆ ಕೈಕಟ್ಟಿ ಕೂರಬೇಕಿತ್ತು. ಅಡುಗೆಮನೆಗೆ ಕಾಲಿಡಬಾರದ ಬಾಣಸಿಗ ಅಂದಹಾಗಾಯಿತು.

2023ರ ಜುಲೈ 1ರಿಂದ ಪುರುಷರ ಮತ್ತು ಮಹಿಳೆಯರ ಬ್ಯಾಸ್ಕೆಟ್‌ಬಾಲ್ ತಂಡಗಳಿಗೆ ಇನ್ನಿಬ್ಬರು ಕೋಚ್‌ಗಳನ್ನು ಇಟ್ಟುಕೊಳ್ಳಲು ಅನುಮತಿ ಸಿಕ್ಕಿತು. ಆಗಿನ ಷರತ್ತು ಒಂದೇ: ಇವರು ಕಲಿಸಬಹುದಿತ್ತು, ಹೊರಗೆ ಹೋಗಿ ಹೊಸ ಹುಡುಗರನ್ನು ಹುಡುಕುವ ಹಾಗಿರಲಿಲ್ಲ. ನೋಡಲಿಕ್ಕೆ ಸಣ್ಣ ತಿದ್ದುಪಡಿ. ಆದರೆ ಅಸಿಸ್ಟೆಂಟ್ ಕೋಚ್ ಎಂಬ ವೃತ್ತಿಯ ಒಳಗುಟ್ಟು ಇದರಲ್ಲೇ ಇದೆ. ಅಲ್ಲಿಯವರೆಗೆ ಅಸಿಸ್ಟೆಂಟ್‌ಗಳಿಗೆ ಸಂಬಳ ಕೊಡುತ್ತಿದ್ದದ್ದು ಮುಖ್ಯವಾಗಿ ಆಟಗಾರರನ್ನು ತರುವುದಕ್ಕೆ. ಕಲಿಸುವುದು ಉಳಿದ ಹೊತ್ತಿನ ಕೆಲಸ. ಜುಲೈ ಬಂತೆಂದರೆ ಅರ್ಧ ದೇಶದ ಅಸಿಸ್ಟೆಂಟ್‌ಗಳು ಸೌತ್ ಕೆರೊಲಿನಾದ ನಾರ್ತ್ ಆಗಸ್ಟಾದಂಥ ಊರಿನಲ್ಲಿ, ಪೀಚ್ ಜ್ಯಾಮ್ ಎಂಬ ಹೈಸ್ಕೂಲ್ ಹುಡುಗರ ಟೂರ್ನಿಯ ಪಕ್ಕದ ಕುರ್ಚಿಗಳಲ್ಲಿ, ಎದೆಯ ಮೇಲೆ ಕಾಲೇಜಿನ ಲೋಗೊ ಕಾಣುವಂತೆ ಕೂತಿರುತ್ತಾರೆ. ಹದಿನೇಳರ ಹುಡುಗ ತಮ್ಮನ್ನು ನೋಡಲಿ ಅಂತ. ಆಗ ಅವರ ಕಾಲೇಜಿನ ಜಿಮ್ಮಿನಲ್ಲಿ ಈಗಾಗಲೇ ಇರುವ ಹುಡುಗನ ಎಡಗೈ ಲೇಅಪ್ (ರಿಂಗಿನ ಬುಡದಿಂದ ಹಾಕುವ ಶಾಟು) ತಿದ್ದದೆ ಹಾಗೆಯೇ ಉಳಿದಿರುತ್ತದೆ.

ಈ ವೃತ್ತಿಗೆ ಬಾಗಿಲು ಸಾಮಾನ್ಯವಾಗಿ ಸ್ಟೂಡೆಂಟ್ ಮ್ಯಾನೇಜರ್ ಕೆಲಸ. ಬಾಲು ಒರೆಸುವುದು, ನೀರು ಕೊಡುವುದು, ರೀಬೌಂಡ್ ಹಿಡಿದು ವಾಪಸ್ ಎಸೆಯುವುದು, ಗಡಿಯಾರ ಒತ್ತುವುದು, ಶಾಟ್ ಎಣಿಸುವುದು. ಆಮೇಲೆ ಸ್ನಾತಕೋತ್ತರ ಓದುತ್ತಾ ಎರಡು ವರ್ಷ ಗ್ರ್ಯಾಜುಯೇಟ್ ಅಸಿಸ್ಟೆಂಟ್. ಫೀಸು ಮಾಫಿ, ಕೈಗೆ ಸಣ್ಣದೊಂದು ಮಾಸಾಶನ. ನಂತರ ವಿಡಿಯೊ ಕೋಆರ್ಡಿನೇಟರ್. ನನ್ನ ಲೆಕ್ಕದಲ್ಲಿ ಇಡೀ ಏಣಿಯಲ್ಲಿ ಏರುವವನಿಗೆ ಹೆಚ್ಚು ಕಲಿಸುವ ಮೆಟ್ಟಿಲು ಇದೇ. ಎದುರಾಳಿಯ ಹಿಂದಿನ ನಾಲ್ಕೈದು ಪಂದ್ಯಗಳನ್ನು ಪಿಕ್ ಆ್ಯಂಡ್ ರೋಲ್ (ಜೊತೆಗಾರ ಅಡ್ಡ ನಿಂತು ಬಾಲಿದ್ದವನಿಗೆ ದಾರಿ ಮಾಡಿ ರಿಂಗಿನತ್ತ ಓಡುವುದು), ಪೋಸ್ಟ್‌ಅಪ್ (ರಿಂಗಿಗೆ ಬೆನ್ನು ಹಾಕಿ ಆಡುವುದು), ಬೇಸ್‌ಲೈನಿನ ಇನ್‌ಬೌಂಡ್ (ರಿಂಗಿನ ಹಿಂದಿನ ಗೆರೆಯಿಂದ ಬಾಲು ಒಳಗೆಸೆಯುವುದು) ಅಂತ ತುಂಡು ತುಂಡು ಮಾಡಿ ವಿಂಗಡಿಸಬೇಕು. ಸ್ವಂತ ಆಟಗಾರನಿಗೆ ತೋರಿಸುವಾಗ ಮಾತ್ರ ಎಂಟರಿಂದ ಹನ್ನೆರಡು ತುಣುಕು, ಒಟ್ಟು ಹತ್ತು ನಿಮಿಷ ಮೀರಬಾರದು. ಮೂವತ್ತು ತುಣುಕು ಪೇರಿಸಿಕೊಂಡು ಬರುವ ಹೊಸ ಕೋಆರ್ಡಿನೇಟರ್ ತನ್ನ ಶ್ರಮವನ್ನು ತೋರಿಸುತ್ತಿರುತ್ತಾನೆ. ಹುಡುಗನಿಗೆ ಮೊದಲ ಐದು ಮಾತ್ರ ನೆನಪಿರುತ್ತವೆ. ಮತ್ತೆ, ತಪ್ಪುಗಳನ್ನಷ್ಟೇ ಜೋಡಿಸಬಾರದು. ಅದೇ ಸನ್ನಿವೇಶದಲ್ಲಿ ಅವನೇ ಸರಿ ಮಾಡಿದ ಎರಡಾದರೂ ತುಣುಕು ಪಕ್ಕದಲ್ಲಿರಬೇಕು, ಇಲ್ಲದಿದ್ದರೆ ಮುಂದಿನ ಬಾರಿ ಏನು ಮಾಡಬೇಕೆಂಬುದು ಅವನಿಗೆ ಕಾಣುವುದೇ ಇಲ್ಲ.

ಹಣದ ಮಾತು ಬಂದಾಗ ಒಂದು ಹಳೆಯ ಕಥೆ ಹೇಳಲೇಬೇಕು. ಖರ್ಚು ಕಡಿಮೆ ಮಾಡುವ ಹೆಸರಿನಲ್ಲಿ 1991ರಲ್ಲಿ ಎನ್‌ಸಿಎಎ ‘ರಿಸ್ಟ್ರಿಕ್ಟೆಡ್ ಅರ್ನಿಂಗ್ಸ್ ಕೋಚ್’ ಎಂಬ ಹುದ್ದೆ ಸೃಷ್ಟಿಸಿತು. ಕೆಳಗಿನ ಮೆಟ್ಟಿಲಿನ ಅಸಿಸ್ಟೆಂಟ್‌ಗೆ ಕಾಲೇಜು ವರ್ಷಕ್ಕೆ 12,000 ಡಾಲರ್, ಬೇಸಿಗೆಗೆ 4,000. ಅದಕ್ಕಿಂತ ಮೇಲೆ ಕೊಡಬೇಕೆಂದು ಕಾಲೇಜಿಗೇ ಮನಸ್ಸಿದ್ದರೂ ಕೊಡುವಂತಿಲ್ಲ. ಕೋಚ್‌ಗಳು ಕೋರ್ಟಿಗೆ ಹೋದರು, ಈ ಸಲ ಮರದ ನೆಲದ ಕೋರ್ಟಿಗಲ್ಲ. 1998ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಇದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದಿತು, ಅದೇ ವರ್ಷ ಜ್ಯೂರಿ ಘೋಷಿಸಿದ ಪರಿಹಾರ ಕಾನೂನಿನಂತೆ ಮೂರು ಪಟ್ಟಾಗಿ ಸುಮಾರು 6.7 ಕೋಟಿ ಡಾಲರ್ ಆಯಿತು, ಕೊನೆಗೆ 1999ರಲ್ಲಿ 5.45 ಕೋಟಿಗೆ ರಾಜಿಯಾಯಿತು. ಆ ಹುದ್ದೆಯಲ್ಲಿದ್ದವರಲ್ಲಿ ಎಳೆಯರಷ್ಟೇ ಅಲ್ಲ, ವರ್ಷಗಟ್ಟಲೆ ಅನುಭವವಿದ್ದ ಕೋಚ್‌ಗಳೂ ಇದ್ದರು. ಕಲಿಸುವ ಸಮಯಕ್ಕೆ ಬೆಲೆ ಕಟ್ಟುವಾಗ ಈ ವ್ಯವಸ್ಥೆ ಎಷ್ಟು ಜಿಪುಣವಾಗಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಡ.

ಇನ್ನು ಸಮಯದ ಲೆಕ್ಕ. ಸೀಸನ್ನಿನಲ್ಲಿ ಆಟಗಾರನೊಬ್ಬನನ್ನು ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಗಿಂತ ಹೆಚ್ಚು ಬಳಸಿಕೊಳ್ಳುವಂತಿಲ್ಲ. ವಾರಕ್ಕೊಂದು ದಿನ ರಜೆ ಕೊಡಲೇಬೇಕು. ಪಂದ್ಯದ ದಿನ ಎಷ್ಟೇ ಹೊತ್ತಾದರೂ ಲೆಕ್ಕಕ್ಕೆ 3 ಗಂಟೆ. ಪ್ರಯಾಣ ಲೆಕ್ಕಕ್ಕಿಲ್ಲ. ವಾರಕ್ಕೆ ಎರಡು ಪಂದ್ಯವಿದ್ದರೆ 6 ಗಂಟೆ ಅಲ್ಲೇ ಹೋಯಿತು. ನಾಲ್ಕು ದಿನ ಎರಡೆರಡು ಗಂಟೆ ತಂಡದ ಪ್ರಾಕ್ಟೀಸು, 8. ಅರ್ಧ ಗಂಟೆಯಂತೆ ನಾಲ್ಕು ಬಾರಿ ವಿಡಿಯೊ, 2. ಮುಕ್ಕಾಲು ಗಂಟೆಯಂತೆ ಎರಡು ಸಲ ತೂಕದ ಕೋಣೆ, ಒಂದೂವರೆ. ಒಟ್ಟು ಹದಿನೇಳೂವರೆ. ಉಳಿದ ಎರಡೂವರೆ ಗಂಟೆಯಲ್ಲಿ ಹೆಡ್ ಕೋಚ್ ಸಿಟ್ಟಾಗಿ ಎಳೆದ ಇಪ್ಪತ್ತು ನಿಮಿಷ, ಇಂಥವೆಲ್ಲ ಕಳೆದರೆ ಒಬ್ಬ ಹುಡುಗನ ಸ್ವಂತ ದೋಷ ತಿದ್ದಲು ಸಿಗುವುದು ದಿನಕ್ಕೆ ಹದಿನೈದಿಪ್ಪತ್ತು ನಿಮಿಷ, ಅದೂ ಪ್ರಾಕ್ಟೀಸಿಗೆ ಮುಂಚೆ.

ಸೀಸನ್ ಮುಗಿದ ಮೇಲೆ ವಾರಕ್ಕೆ 8 ಗಂಟೆ. ಅದರಲ್ಲಿ ಕೋಚ್ ನಿಂತು ಕೌಶಲ ಕಲಿಸಬಹುದಾದದ್ದು 4 ಗಂಟೆ. ಅಂದರೆ 240 ನಿಮಿಷ. ಮುಕ್ಕಾಲು ಗಂಟೆಯ ಎರಡು ಸಣ್ಣ ಗುಂಪಿನ ಪಾಠ, ಒಂದೊಂದು ಗಂಟೆಯ ಎರಡು ತಂಡದ ಪಾಠ ಇಟ್ಟರೆ 210 ಖಾಲಿ. ಮಿಕ್ಕ ಮೂವತ್ತು ನಿಮಿಷವನ್ನು ಸುಮ್ಮನೆ ಬಿಡುವ ಅಸಿಸ್ಟೆಂಟ್‌ಗೂ, ಅದನ್ನು ಹತ್ತರಂತೆ ಮೂರು ಮಾಡಿ ಬೆಳಿಗ್ಗೆ ಏಳಕ್ಕೆ ಒಬ್ಬೊಬ್ಬನನ್ನೇ ಕರೆಯುವ ಅಸಿಸ್ಟೆಂಟ್‌ಗೂ ವರ್ಷದ ಕೊನೆಯಲ್ಲಿ ಎದ್ದು ಕಾಣುವ ವ್ಯತ್ಯಾಸವಿರುತ್ತದೆ. ಇದರ ಆಚೆ ಹುಡುಗ ತಾನಾಗಿಯೇ ರಾತ್ರಿ ಹನ್ನೊಂದಕ್ಕೆ ಜಿಮ್ಮಿಗೆ ಬಂದು ಆಡಬಹುದು. ಆದರೆ ಅದು ಐಚ್ಛಿಕ ಎಂದೆನಿಸಿಕೊಳ್ಳಬೇಕಾದರೆ ಬಂದನೋ ಇಲ್ಲವೋ ಎಂಬ ವರದಿಯೂ ಕೋಚ್‌ಗೆ ಹೋಗಬಾರದು. ಹಾಗಾಗಿ ಒಬ್ಬನೇ ಅಭ್ಯಾಸ ಮಾಡುವಾಗ ಏನು ಮಾಡಬೇಕೆಂದು ಹುಡುಗನಿಗೆ ಮೊದಲೇ ತಿಳಿದಿರಬೇಕು. ಕಲಿಸಿದ್ದನ್ನು ಕೋಚ್ ಇಲ್ಲದಾಗ ಕೆಡಿಸಿಕೊಳ್ಳದ ಹಾಗೆ ಕಲಿಸುವುದು ಬೇರೆಯದೇ ವಿದ್ಯೆ.

ಶೂಟಿಂಗ್ ತಿದ್ದುವುದನ್ನೇ ಹತ್ತಿರದಿಂದ ನೋಡೋಣ. ಈ ಕಸುಬಿನ ನಿಜವಾದ ಕಷ್ಟ ಅಲ್ಲಿದೆ.

ಮೊದಲ ದಿನ ಬಾಯಿ ಬಿಡಬಾರದು. ಫ್ರೀ ಥ್ರೋ ಗೆರೆಯಿಂದ ಇಪ್ಪತ್ತು, ಮೂರು ಪಾಯಿಂಟಿನ ಗೆರೆಯಿಂದ ಇಪ್ಪತ್ತು ಶಾಟು ಹಾಕಿಸಿ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಫೋನಿನಲ್ಲಿ ಸ್ಲೋ ಮೋಷನ್ ಹಿಡಿಯಬೇಕು. ಜೊತೆಗೆ ಕಾಗದದ ಮೇಲೆ ತಪ್ಪಿದ ಶಾಟುಗಳನ್ನು ಮಾತ್ರ ಬರೆಯಬೇಕು: ಗಿಡ್ಡ, ಉದ್ದ, ಎಡ, ಬಲ. ಗಿಡ್ಡ ಉದ್ದಗಳು ಬಹುಪಾಲು ಕಾಲಿನ ಶಕ್ತಿ ಮತ್ತು ಬಾಲು ಏರುವ ಎತ್ತರದ ಸಮಸ್ಯೆ, ಅವು ಬೇಗ ಸರಿಹೋಗುತ್ತವೆ. ಎಡ ಬಲಕ್ಕೆ ಹೋಗುವುದು ಕೈಯ ದೋಷ. ಅದು ನಿಧಾನದ ಕಾಯಿಲೆ.

ಎತ್ತರ ಏಕೆ ಮುಖ್ಯ ಅಂದರೆ, ರಿಂಗಿನ ಅಡ್ಡಳತೆ 18 ಇಂಚು, ಬಾಲಿನದು ಸುಮಾರು ಒಂಬತ್ತೂವರೆ. ನೇರ ಮೇಲಿನಿಂದ ಬೀಳುವ ಬಾಲಿಗೆ ಪೂರ್ತಿ 18 ಇಂಚಿನ ಬಾಯಿ ತೆರೆದಿರುತ್ತದೆ. 45 ಡಿಗ್ರಿಯಲ್ಲಿ ಬರುವ ಬಾಲಿಗೆ ಅದೇ ರಿಂಗು ಹನ್ನೆರಡು ಮುಕ್ಕಾಲು ಇಂಚಿನ ಅಂಡಾಕಾರವಾಗಿ ಕಾಣುತ್ತದೆ. 35 ಡಿಗ್ರಿಗೆ ಇಳಿದರೆ ಬರೀ ಹತ್ತು ಚಿಲ್ಲರೆ, ಅಂದರೆ ಬಾಲಿನ ಆಚೀಚೆ ಒಟ್ಟು ಒಂದಿಂಚೂ ಜಾಗವಿಲ್ಲ. ಹಾಗಂತ ಆಕಾಶಕ್ಕೆ ಎಸೆದರೆ ದೂರದ ಅಳತೆ ಕೆಡುತ್ತದೆ. ರಿಂಗಿನ ಮೇಲೆ ಸೆನ್ಸರ್ ಕೂರಿಸಿ ಪ್ರತಿ ಶಾಟನ್ನೂ ಅಳೆಯುವ ನೋವಾ ಎಂಬ ಯಂತ್ರ ಇಟ್ಟುಕೊಳ್ಳುವ ಗುರಿ 45 ಡಿಗ್ರಿ, ಜೊತೆಗೆ ಬಾಲಿನ ನಡುಮಧ್ಯ ರಿಂಗಿನ ಮುಂಭಾಗದಿಂದ 11 ಇಂಚು ಒಳಗೆ ಬೀಳುವುದು. ಅಂದರೆ ನಟ್ಟನಡುವಿಗಿಂತ ಎರಡಿಂಚು ಹಿಂದಕ್ಕೆ. ‘ಗಿಡ್ಡ ಬೀಳಿಸಬೇಡ’ ಎಂಬ ಹಳೆಯ ಕೋಚ್‌ಗಳ ಮಾತಿಗೆ ಯಂತ್ರ ಕೊಟ್ಟ ಅಂಕಿ ಅದು.

ಕೈಯ ದೋಷಕ್ಕೆ ಯಂತ್ರ ಬೇಡ, ಒಂದು ಸುರುಳಿ ಬಣ್ಣದ ಟೇಪ್ ಸಾಕು. ಬಾಲಿನ ನಡುವಿಗೆ ಉಂಗುರದಂತೆ ಸುತ್ತಿ, ಆ ಪಟ್ಟಿ ರಿಂಗಿನ ಕಡೆಗೆ ನೇರ ನಿಲ್ಲುವಂತೆ ಹಿಡಿದು ಶೂಟ್ ಮಾಡಿಸಿ. ಬಾಲು ಶುದ್ಧವಾಗಿ ಹಿಂದಕ್ಕೆ ಸುತ್ತಿದರೆ ಪಟ್ಟಿ ಒಂದೇ ಗೆರೆಯಾಗಿ ಕಾಣುತ್ತದೆ. ಪಟ್ಟಿ ತೊನೆದರೆ ಹತ್ತರಲ್ಲಿ ಏಳೆಂಟು ಸಲ ಅಪರಾಧಿ ಆಧಾರದ ಕೈಯ ಹೆಬ್ಬೆರಳು. ಬಲಗೈ ಆಟಗಾರನ ಎಡಗೈ ಬಾಲನ್ನು ಹಿಡಿದಿರಬೇಕೇ ಹೊರತು ತಳ್ಳಬಾರದು. ಚಿಕ್ಕಂದಿನಲ್ಲಿ ಬಾಲು ಭಾರವಾಗಿದ್ದಾಗ ಎರಡೂ ಕೈಯಿಂದ ತಳ್ಳಿ ರೂಢಿಯಾದದ್ದು ಹತ್ತೊಂಬತ್ತಕ್ಕೂ ಬಿಟ್ಟಿರುವುದಿಲ್ಲ.

ತಿದ್ದುವಾಗ ಒಂದು ಸಲಕ್ಕೆ ಒಂದೇ ದೋಷ. ಕೆಳಗಿನಿಂದ ಮೇಲಕ್ಕೆ ಹೋಗುವುದು ವಾಸಿ: ಮೊದಲು ಪಾದ, ಆಮೇಲೆ ಬಾಲನ್ನು ಎತ್ತಿಕೊಳ್ಳುವ ಜಾಗ, ಆಮೇಲೆ ಆಧಾರದ ಕೈ, ಕೊನೆಗೆ ಬಿಡುವ ಕ್ಷಣ. ರಿಂಗಿನಿಂದ ಮೂರು ಅಡಿಯಲ್ಲಿ ಒಂದೇ ಕೈಯಲ್ಲಿ 25 ಬೀಳಿಸಬೇಕು. ಹತ್ತಕ್ಕೆ ಎಂಟು ಬರುವ ತನಕ ಹಿಂದಕ್ಕೆ ಹೆಜ್ಜೆ ಇಡಬಾರದು. ಬಂದ ಮೇಲೆ ಒಂದು ಹೆಜ್ಜೆ. ರೂಪ ಕೆಟ್ಟರೆ ಮತ್ತೆ ಒಳಗೆ. ಮೂರು ಪಾಯಿಂಟಿನ ಗೆರೆ ಮುಟ್ಟಲು ಆರು ವಾರ, ಎಂಟು ವಾರ. ಪುರುಷರಿಗೆ ಆ ಗೆರೆ 2019ರಿಂದ 6.75 ಮೀಟರಿನಲ್ಲಿದೆ, ಅದಕ್ಕೂ ಮುಂಚಿನ ಹನ್ನೊಂದು ಸೀಸನ್ 6.32ರಲ್ಲಿತ್ತು. ಆ ಒಂದೂವರೆ ಅಡಿ ಎಷ್ಟೋ ಹುಡುಗರ ಕಾಲಿನ ದೌರ್ಬಲ್ಯವನ್ನು ಬಯಲಿಗೆಳೆಯಿತು. ಮೊದಲು ಕೈಯಿಂದಲೇ ಸಂಭಾಳಿಸುತ್ತಿದ್ದವರ ಶಾಟು ಈಗ ಗಿಡ್ಡ.

ಮಧ್ಯದಲ್ಲಿ ಕೆಡುವುದೇನೆಂದರೆ, ತಿದ್ದಲು ಶುರುಮಾಡಿದ ಎರಡು ಮೂರು ವಾರದಲ್ಲಿ ಹುಡುಗನ ಲೆಕ್ಕ ಮೊದಲಿಗಿಂತ ಕೆಳಕ್ಕೆ ಹೋಗುತ್ತದೆ. ಹಳೆಯದು ಬಿಟ್ಟಿರುತ್ತದೆ, ಹೊಸದು ಕೂತಿರುವುದಿಲ್ಲ. ಆಗ ಅಪ್ಪ ಫೋನ್ ಮಾಡುತ್ತಾರೆ, ಗೆಳೆಯ ನಗುತ್ತಾನೆ, ಹೆಡ್ ಕೋಚ್ ಹುಬ್ಬೇರಿಸುತ್ತಾರೆ. ಅದಕ್ಕೇ ರೂಪ ಬದಲಿಸುವ ಕೆಲಸವನ್ನು ಏಪ್ರಿಲ್‌ನಿಂದ ಆಗಸ್ಟ್ ಒಳಗೆ ಮುಗಿಸಬೇಕು. ಡಿಸೆಂಬರಿನಲ್ಲಿ ಮೊಣಕೈ ಮುಟ್ಟಿದ ಕೋಚ್ ಆ ವರ್ಷದ ಆಟಗಾರನನ್ನು ಕಳೆದುಕೊಂಡ ಹಾಗೆಯೇ. ಸ್ಟೆಫನ್ ಕರಿ ಹೈಸ್ಕೂಲಿನ ಒಂದು ಬೇಸಿಗೆಯಲ್ಲಿ ಅಪ್ಪ ಡೆಲ್ ಕರಿಯ ಜೊತೆ ತನ್ನ ಶಾಟನ್ನು ಸೊಂಟದ ಮಟ್ಟದಿಂದ ತಲೆಯ ಮೇಲಕ್ಕೆ ಏರಿಸಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಕಥೆ. ಹಲವು ವಾರ ಆತ ರಿಂಗಿನ ಬುಡ ಬಿಟ್ಟು ದೂರದಿಂದ ಶೂಟ್ ಮಾಡಲಾರದೆ ಒದ್ದಾಡಿದ್ದ. 2007-08ರಲ್ಲಿ ಡೇವಿಡ್ಸನ್ ಎಂಬ ಸಣ್ಣ ಕಾಲೇಜಿಗೆ ಆಡುತ್ತಾ ಅದೇ ಹುಡುಗ ಒಂದೇ ಸೀಸನ್ನಿನಲ್ಲಿ 162 ಮೂರು ಪಾಯಿಂಟುಗಳನ್ನು ಹಾಕಿ ಆಗಿನ ದಾಖಲೆ ಬರೆದ. ಮನೆಯಂಗಳದಲ್ಲಿ ಅಪ್ಪನೇ ಇದ್ದುದರಿಂದ ಆ ಬೇಸಿಗೆಗೆ ಗಂಟೆಯ ಮಿತಿ ಇರಲಿಲ್ಲ ಅನ್ನುವುದನ್ನೂ ಗಮನಿಸಿ.

ಇನ್ನೊಂದು ಎಡವಟ್ಟು ಶೂಟಿಂಗ್ ಯಂತ್ರದ್ದು. ರಿಂಗಿನ ಸುತ್ತ ಬಲೆ ಕಟ್ಟಿ, ಬಿದ್ದ ಬಾಲನ್ನು ಹಿಡಿದು ವಾಪಸ್ ಚಿಮ್ಮುವ ‘ಗನ್’ ಇಲ್ಲದ ಕಾಲೇಜು ಜಿಮ್ಮು ಈಗ ಅಪರೂಪ. ಮೂರು ನಾಲ್ಕು ಸೆಕೆಂಡಿಗೊಂದು ಪಾಸು, ಕಾಲು ಗಂಟೆಯಲ್ಲಿ 250 ಶಾಟು ಆರಾಮವಾಗಿ ಆಗುತ್ತದೆ. ಆದರೆ ಯಂತ್ರದ ಪಾಸು ಪ್ರತಿ ಸಲ ಅದೇ ವೇಗ, ಅದೇ ಎದೆಯೆತ್ತರ. ಪಂದ್ಯದಲ್ಲಿ ಸುಸ್ತಾದ ಗಾರ್ಡ್ (ಬಾಲು ನಡೆಸುವ, ಗಿಡ್ಡನೆಯ ಆಟಗಾರ) ಎಸೆಯುವ ಪಾಸು ಮೊಣಕಾಲಿಗೆ ಬರುತ್ತದೆ, ಎಡ ಕಿವಿಯ ಪಕ್ಕ ಬರುತ್ತದೆ, ತಡವಾಗಿ ಬರುತ್ತದೆ. ಯಂತ್ರದೆದುರು ನೂರಕ್ಕೆ ಎಪ್ಪತ್ತು ಹಾಕುವವನು ಪಂದ್ಯದಲ್ಲಿ ಮೂವತ್ತೈದಕ್ಕೆ ಇಳಿದರೆ ಆಶ್ಚರ್ಯವಿಲ್ಲ. ಬಲ್ಲ ಅಸಿಸ್ಟೆಂಟ್ ಯಂತ್ರವನ್ನು ರೂಪ ಗಟ್ಟಿಮಾಡಲು ಮಾತ್ರ ಬಳಸಿ, ಆಮೇಲೆ ಮ್ಯಾನೇಜರ್ ಹುಡುಗನಿಗೆ ‘ಬೇಕಂತಲೇ ಕೆಟ್ಟ ಪಾಸ್ ಕೊಡು’ ಅನ್ನುತ್ತಾರೆ. ಒಂದೇ ಜಾಗದಿಂದ ಹತ್ತು ಹಾಕಿಸುವ ಬದಲು ಪ್ರತಿ ಶಾಟಿಗೂ ಜಾಗ ಬದಲು, ಎದುರಿಗೆ ಕೈ ಚಾಚಿ ಓಡಿಬರುವ ಒಬ್ಬ. ಅಂಕಿ ಕೆಟ್ಟದಾಗಿ ಕಾಣುತ್ತದೆ, ಆದರೆ ಕಲಿತದ್ದು ಉಳಿಯುತ್ತದೆ. ಈ ಎರಡನೆಯ ಹಂತವನ್ನು ಹಾರಿಸುವುದೇ ಹೆಚ್ಚಿನವರ ತಪ್ಪು, ಯಾಕೆಂದರೆ ಹತ್ತಕ್ಕೆ ಒಂಬತ್ತು ಬೀಳುವ ವಿಡಿಯೊ ಇನ್‌ಸ್ಟಾಗ್ರಾಮಿಗೆ ಚೆನ್ನಾಗಿರುತ್ತದೆ.

ಎತ್ತರದ ಹುಡುಗರ ಕಥೆ ಬೇರೆ. ತಲೆಗೆಲ್ಲ ಒಂದೇ ಮಂತ್ರ ಇಲ್ಲಿ ನಡೆಯುವುದಿಲ್ಲ. 1942ರಲ್ಲಿ ಷಿಕಾಗೋದ ಡಿಪಾಲ್ ಕಾಲೇಜಿಗೆ ಕೋಚ್ ಆಗಿ ಬಂದ ರೇ ಮೇಯರ್‌ ಕೈಗೆ ಜಾರ್ಜ್ ಮೈಕನ್ ಎಂಬ 6 ಅಡಿ 10 ಇಂಚಿನ, ಕನ್ನಡಕ ಹಾಕಿದ, ಕಾಲು ತೊಡರುವ ಹುಡುಗ ಸಿಕ್ಕ. ಮೇಯರ್ ಅವನಿಗೆ ಹಗ್ಗ ಜಿಗಿಸಿದರು, ಬಾಕ್ಸಿಂಗ್ ಮಾಡಿಸಿದರು, ಡ್ಯಾನ್ಸೂ ಕಲಿಸಿದರು. ಬಾಲು ನೆಲ ಮುಟ್ಟದಂತೆ ರಿಂಗಿನ ಎಡಬಲಗಳಿಂದ ಆ ಕೈ ಈ ಕೈ ಬದಲಿಸುತ್ತಾ ನೂರಾರು ಸಲ ಹಾಕಿಸಿದರು. ಬೆಂಗಳೂರಿನ ಸ್ಕೂಲ್ ಮೈದಾನಗಳಲ್ಲೂ ಇವತ್ತಿಗೂ ‘ಮೈಕನ್ ಡ್ರಿಲ್’ ಅನ್ನುವುದು ಅದನ್ನೇ. ಮುಂದೆ, 1959ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಪ್ರಶಸ್ತಿ ಗೆದ್ದುಕೊಟ್ಟ ಪೀಟ್ ನ್ಯೂವೆಲ್ ನಿವೃತ್ತರಾದ ಮೇಲೆ 1976ರಲ್ಲಿ ಕರ್ಮಿಟ್ ವಾಷಿಂಗ್ಟನ್ ಎಂಬ ಒಬ್ಬ ಆಟಗಾರ ಬಂದು ಕೇಳಿದ ಅಂತ ಪಾದದ ಪಾಠ ಶುರುಮಾಡಿದರು. ಅದೇ ಬೆಳೆದು ದೈತ್ಯರ ಶಿಬಿರವಾಯಿತು.

ಪಾದದ ಪಾಠ ಅಂದರೆ ಏನು? ಡ್ರಾಪ್ ಸ್ಟೆಪ್ ಒಂದನ್ನೇ ನೋಡಿ. ರಿಂಗಿಗೆ ಬೆನ್ನು ಹಾಕಿ ನಿಂತವನು ಬಾಲು ಹಿಡಿದ ಕೂಡಲೇ ಗದ್ದದ ಕೆಳಗೆ ತರಬೇಕು, ಮೊಣಕೈ ಅಗಲ. ಸೊಂಟಕ್ಕೆ ಇಳಿಸಿದರೆ ಏಳಡಿಯವನ ಲಾಭವೆಲ್ಲ ಹೋಗಿ, ಆರಡಿಯ ಗಾರ್ಡ್ ಬಂದು ಕಿತ್ತುಕೊಳ್ಳುತ್ತಾನೆ. ಆಮೇಲೆ ಬೆನ್ನಿನಲ್ಲೇ ಎದುರಾಳಿ ಯಾವ ಭುಜಕ್ಕೆ ಒರಗಿದ್ದಾನೆಂದು ತಿಳಿಯಬೇಕು, ತಿರುಗಿ ನೋಡುವಂತಿಲ್ಲ. ಅವನಿಲ್ಲದ ಕಡೆಯ ಕಾಲನ್ನು ಹಿಂದಕ್ಕೆ, ಹಿಮ್ಮಡಿ ಬೋರ್ಡಿನತ್ತ ಹೋಗುವಂತೆ ಇಟ್ಟು, ಎರಡು ಕೈಯಲ್ಲಿ ಒಂದೇ ಒಂದು ಗಟ್ಟಿ ಡ್ರಿಬಲ್, ಎರಡೂ ಕಾಲಿನಿಂದ ಎಗರು. ಕೆಡುವುದು ಎರಡು ಕಡೆ: ಡ್ರಿಬಲ್ ಬಿಡುವ ಮುಂಚೆ ಪಿವಟ್ ಕಾಲು, ಅಂದರೆ ನೆಲಕ್ಕೆ ಊರಿಯೇ ಇರಬೇಕಾದ ಕಾಲು, ಎದ್ದು ಟ್ರಾವೆಲ್ ಎಂಬ ನಿಯಮಭಂಗ ಆಗುವುದು, ಹೆಜ್ಜೆ ರಿಂಗಿನ ಬದಲು ಬೇಸ್‌ಲೈನಿನತ್ತ ಹೋಗಿ ಬೋರ್ಡಿನ ಹಿಂದೆ ಸಿಕ್ಕಿಕೊಳ್ಳುವುದು. ಕಾಲೇಜಿನಲ್ಲಿ ರಿಂಗಿನ ಮುಂದಿನ ಬಣ್ಣದ ಚೌಕದ ಅಗಲ 12 ಅಡಿ, ವೃತ್ತಿಪರರ ಲೀಗ್ ಎನ್‌ಬಿಎಯಲ್ಲಿ 16. ಕಾಲೇಜಿನ ಅಂಚಿನಿಂದ ಒಂದೇ ಹೆಜ್ಜೆಗೆ ರಿಂಗು ಮುಟ್ಟುವವನು ಅಲ್ಲಿ ಎರಡಡಿ ಹಿಂದೆ ಬೀಳುತ್ತಾನೆ. ಮುಂದಿನ ಮಟ್ಟಕ್ಕೆ ಹುಡುಗನನ್ನು ಸಿದ್ಧಮಾಡುವ ಅಸಿಸ್ಟೆಂಟ್ ನೆಲದ ಮೇಲೆ ಟೇಪ್ ಅಂಟಿಸಿ ಅಗಲದ ಚೌಕ ಮಾಡಿಕೊಂಡೇ ಕಲಿಸಬೇಕು.

ಈ ಕೆಲಸದ ಫಲ ನೋಡಬೇಕೆಂದರೆ ಪರ್ಡ್ಯೂ ವಿಶ್ವವಿದ್ಯಾಲಯದ ಝ್ಯಾಕ್ ಈಡಿ ಸಾಕು. ಕೆನಡಾದ ಹುಡುಗ, 7 ಅಡಿ 4 ಇಂಚು, ಹೈಸ್ಕೂಲಿನ ನಡುವಿನವರೆಗೂ ಐಸ್ ಹಾಕಿ, ಬೇಸ್‌ಬಾಲ್ ಆಡಿಕೊಂಡಿದ್ದವನು. ಬಹುಪಾಲು ದೊಡ್ಡ ಕಾಲೇಜುಗಳು ಕಣ್ಣೆತ್ತಿ ನೋಡಲಿಲ್ಲ. ಹೆಡ್ ಕೋಚ್ ಮ್ಯಾಟ್ ಪೇಂಟರ್ ಬಳಿ ಬ್ರ್ಯಾಂಡನ್ ಬ್ರ್ಯಾಂಟ್ಲಿ ಎಂಬ ಅಸಿಸ್ಟೆಂಟ್ ಇದ್ದರು, ಪರ್ಡ್ಯೂಗೇ ಆಡಿ ಬೆಳೆದವರು, ಎತ್ತರದವರನ್ನು ತಿದ್ದುವುದೇ ಅವರ ಪಾಲು. ಮೊದಲ ವರ್ಷ ಈಡಿ ಪಂದ್ಯಕ್ಕೆ ಸರಾಸರಿ 14.7 ನಿಮಿಷ ಆಡಿ 8.7 ಪಾಯಿಂಟ್ ಗಳಿಸಿದ. ಎರಡನೇ ವರ್ಷ 19 ನಿಮಿಷ, 14.4. ಮೂರನೆಯದು 31.7 ನಿಮಿಷ, 22.3. ನಾಲ್ಕನೆಯದು 32 ನಿಮಿಷ, 25.2. 2023 ಮತ್ತು 2024ರಲ್ಲಿ ಸತತ ಎರಡು ಸಲ ದೇಶದ ಅತ್ಯುತ್ತಮ ಆಟಗಾರ. ಪಾಯಿಂಟುಗಳಿಗಿಂತ ನಿಮಿಷದ ಸಾಲು ಓದಿ. ಅಷ್ಟು ದೊಡ್ಡ ದೇಹವನ್ನು 15 ನಿಮಿಷದಿಂದ 32 ನಿಮಿಷಕ್ಕೆ, ಫೌಲಿನಿಂದ ಹೊರಹೋಗದೆ, ಉಸಿರು ಕಟ್ಟದೆ ನಿಲ್ಲಿಸಲು ಮೂರು ಬೇಸಿಗೆ ಹಿಡಿಯಿತು.

ಗೊನ್ಜಾಗಾ ವಿಶ್ವವಿದ್ಯಾಲಯ ಇಂಥದೇ ಇನ್ನೊಂದು ಶಾಲೆ. ಕೆಲಿ ಒಲಿನಿಕ್ 2010-11ರಲ್ಲಿ 5.8 ಪಾಯಿಂಟಿನ ಆಟಗಾರ. ಗಾಯವೇನೂ ಇಲ್ಲದಿದ್ದರೂ ಮುಂದಿನ ಇಡೀ ಸೀಸನ್ ಒಂದೂ ಪಂದ್ಯವಾಡದೆ ರೆಡ್‌ಶರ್ಟ್ ಆಗಿ ಕೂತ, ಅಂದರೆ ಪ್ರಾಕ್ಟೀಸಷ್ಟೇ. ಮೈಕಟ್ಟು ಬದಲಾಯಿತು, ಆಟ ಬದಲಾಯಿತು. 2012-13ರಲ್ಲಿ 17.8 ಪಾಯಿಂಟ್, ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಎನ್‌ಬಿಎ ಡ್ರಾಫ್ಟ್‌ನಲ್ಲಿ 13ನೆಯವ. ಜಪಾನಿನ ರುಯಿ ಹಚಿಮುರ 2016ರಲ್ಲಿ ಅಲ್ಲಿಗೆ ಬಂದಾಗ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೊದಲ ವರ್ಷ ಪಂದ್ಯಕ್ಕೆ ಐದು ನಿಮಿಷವೂ ಇಲ್ಲ. ಮೂರನೇ ವರ್ಷ 19.7 ಪಾಯಿಂಟ್, 2019ರ ಡ್ರಾಫ್ಟ್‌ನಲ್ಲಿ 9ನೆಯವ. ಭಾಷೆ ಬಾರದ ಹುಡುಗನಿಗೆ ಡಿಫೆನ್ಸ್‌ನ ಕೂಗುಗಳನ್ನು ಕಲಿಸುವುದು ಶೂಟಿಂಗ್ ಕಲಿಸುವುದಕ್ಕಿಂತ ಕಷ್ಟ. ‘ಸ್ವಿಚ್’ (ಕಾಯುವ ಎದುರಾಳಿಯನ್ನು ಅದಲುಬದಲು ಮಾಡಿಕೊ) ಅಂದದ್ದು ಅರ್ಥವಾಗಲು ಅರ್ಧ ಸೆಕೆಂಡ್ ಹಿಡಿದರೆ ಎದುರಾಳಿ ಆಗಲೇ ರಿಂಗಿನ ಕೆಳಗಿರುತ್ತಾನೆ. ಹೊರದೇಶದ ಹುಡುಗರನ್ನು ಹುಡುಕಿ ತರುವುದರಲ್ಲಿ ಹೆಸರಾದ ಟಾಮಿ ಲಾಯ್ಡ್ ಅಲ್ಲಿ ಎರಡು ದಶಕ ಅಸಿಸ್ಟೆಂಟ್ ಆಗಿಯೇ ಇದ್ದರು. 2021ರಲ್ಲಿ ಅರಿಜೋನಾ ಹೆಡ್ ಕೋಚ್ ಆದ ಮೊದಲ ವರ್ಷವೇ 33 ಗೆಲುವು, 4 ಸೋಲು. ಆ ಸಂಖ್ಯೆ ಕಂಡು ‘ಇಷ್ಟು ದಿನ ಎಲ್ಲಿದ್ದರು’ ಅಂದವರೂ ಇದ್ದರು.

ಎಲ್ಲರೂ ಮೇಲಿನ ಮೆಟ್ಟಿಲಿಗೆ ಹಾತೊರೆಯುವುದಿಲ್ಲ ಅನ್ನುವುದೂ ನಿಜ. ನಾರ್ತ್ ಕೆರೊಲಿನಾದಲ್ಲಿ ಬಿಲ್ ಗತ್ರಿಜ್ 1967ರಿಂದ 30 ವರ್ಷ ಡೀನ್ ಸ್ಮಿತ್‌ರ ಅಸಿಸ್ಟೆಂಟ್. ಸ್ಮಿತ್ ನಿವೃತ್ತರಾದಾಗ, 60ರ ವಯಸ್ಸಿಗೆ ಹೆಡ್ ಕೋಚ್ ಆಗಿ ಮೂರು ವರ್ಷದಲ್ಲಿ ಎರಡು ಸಲ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರೊಳಗೆ ತಂಡವನ್ನು ಒಯ್ದು ಎದ್ದು ನಡೆದರು. ಟಿಮ್ ಗ್ರಗ್ಯುರಿಚ್ ಪಿಟ್ಸ್‌ಬರ್ಗ್‌ನಲ್ಲಿ ಹೆಡ್ ಕೋಚ್ ಆಗಿದ್ದವರು, ಆ ಕುರ್ಚಿ ಬಿಟ್ಟು ಲಾಸ್ ವೇಗಸ್‌ನ ಯುಎನ್‌ಎಲ್‌ವಿಯಲ್ಲಿ ಅಸಿಸ್ಟೆಂಟ್ ಆದರು; 1990ರ ಫೈನಲ್‌ನಲ್ಲಿ ಡ್ಯೂಕನ್ನು 103-73ರಿಂದ ಹೊಸಕಿದ ತಂಡ ಅವರ ಕೈಯಲ್ಲಿ ಪಳಗಿದ್ದು. ಆಮೇಲೆ ದಶಕಗಟ್ಟಲೆ ಎನ್‌ಬಿಎ ತಂಡಗಳಲ್ಲಿ ಅದೇ ಕೆಲಸ. ಪತ್ರಕರ್ತರಿಗೆ ಮಾತು ಕೊಡದವರು ಎಂದೇ ಹೆಸರು. ಹಾಗಾಗಿ ಅವರ ವಿಧಾನ ಏನೆಂದು ತಿಳಿಯಬೇಕಾದರೆ ಅವರ ಕೈಕೆಳಗೆ ಬೆವರು ಸುರಿಸಿದವರನ್ನು ಕೇಳಬೇಕು.

ಈಗ ಆಟದ ಅಡಿಪಾಯವೇ ಅಲುಗಾಡಿದೆ. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ದಾಖಲಿಸುವ ಪಟ್ಟಿ ಬಂತು. 2021ರಲ್ಲಿ ಒಂದು ಸಲ ಕಾಲೇಜು ಬದಲಿಸಿದರೆ ವರ್ಷ ಕೂರಬೇಕಿಲ್ಲ ಎಂದಾಯಿತು, 2024ರಲ್ಲಿ ಎಷ್ಟು ಸಲ ಬೇಕಾದರೂ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದು. 2025ರ ಜುಲೈನಿಂದ ಕಾಲೇಜುಗಳೇ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ಎಲ್ಲ ಕ್ರೀಡೆಗಳ ಆಟಗಾರರಿಗೆ ನೇರ ಹಂಚಬಹುದು. ಆಟಗಾರರ ದೃಷ್ಟಿಯಿಂದ ಇದು ನ್ಯಾಯ. ದಶಕಗಳ ಕಾಲ ಅವರ ಬೆವರಿನ ಮೇಲೆ ಉಳಿದವರೆಲ್ಲ ಉಂಡಿದ್ದರು. ಆದರೆ ಸಣ್ಣ ಕಾಲೇಜಿನ ಅಸಿಸ್ಟೆಂಟ್ ಕಡೆಯಿಂದ ನೋಡಿ: ಎರಡು ಬೇಸಿಗೆ ಹಿಡಿದು ಒಬ್ಬನ ಹೆಬ್ಬೆರಳು ಬಿಡಿಸಿ, ಎಡಗೈ ಕಲಿಸಿ, ಮೂರನೇ ವರ್ಷ ಆಡಿಸೋಣ ಅನ್ನುವಷ್ಟರಲ್ಲಿ ಏಪ್ರಿಲ್‌ನಲ್ಲಿ ಅವನು ದೊಡ್ಡ ಕಾಲೇಜಿನ ಜೆರ್ಸಿ ಹಿಡಿದು ಫೋಟೊ ಹಾಕಿರುತ್ತಾನೆ. ಕೈಗೆ ಬಂದ ತುತ್ತು ಬಾಯಿಗಿಲ್ಲ. ದೊಡ್ಡ ಕಾಲೇಜಿನವರಿಗೂ ಹದಿನೆಂಟರ ಹುಡುಗನನ್ನು ಕೂರಿಸಿ ಕಾಯುವ ವ್ಯವಧಾನ ಹೋಗಿದೆ. ಇಪ್ಪತ್ತೆರಡರ, ಬೇರೆಯವರು ತಿದ್ದಿದ ಆಟಗಾರ ಸಿಗುವಾಗ ಒಲಿನಿಕ್ ತರಹ ಒಂದು ವರ್ಷ ಸುಮ್ಮನೆ ಕೂರುವವನು ಯಾರು, ಕೂರಿಸುವವರು ಯಾರು?

ಪಾಠದ ಸ್ವರೂಪವೂ ಅದಕ್ಕೆ ತಕ್ಕಂತೆ ಬದಲಾಗಿದೆ. ಜೂನ್‌ನಲ್ಲಿ ಬಂದು ಮುಂದಿನ ಏಪ್ರಿಲ್‌ಗೆ ಹೋಗಬಹುದಾದ ಹುಡುಗನಿಗೆ ಶಾಟಿನ ರೂಪ ಮುರಿದು ಕಟ್ಟುವ ಧೈರ್ಯ ಯಾರೂ ಮಾಡುವುದಿಲ್ಲ. ಬದಲಿಗೆ ಒಂದೆರಡು ಚಿಕ್ಕ, ಬೇಗ ಕೂರುವ ಸಂಗತಿ ಆರಿಸುತ್ತಾರೆ: ಕ್ಲೋಸ್‌ಔಟ್‌ನಲ್ಲಿ (ಶೂಟ್ ಮಾಡಲಿರುವವನನ್ನು ತಡೆಯಲು ಓಡುವಾಗ) ಮೂರನೇ ಎರಡು ಭಾಗ ಓಡಿ, ಕೊನೆಯ ಭಾಗ ಸಣ್ಣ ಹೆಜ್ಜೆಯಲ್ಲಿ ನಿಲ್ಲುವುದು, ಪಿಕ್ ಆ್ಯಂಡ್ ರೋಲ್‌ನಲ್ಲಿ ಎದುರಾಳಿ ದೈತ್ಯ ಹಿಂದಕ್ಕೆ ಸರಿದರೆ ಏನು, ಮುಂದೆ ಬಂದರೆ ಏನು ಎಂಬ ಎರಡೇ ಓದು. ಎಂಟು ವಾರದ ಬೇಸಿಗೆ, ವಾರಕ್ಕೆ ನಾಲ್ಕು ಗಂಟೆ, ಒಟ್ಟು 32 ಗಂಟೆ. ಅಷ್ಟರಲ್ಲಿ ಆಗುವುದು ಇಷ್ಟು.

ನಮ್ಮ ಕಡೆಗೆ ಈ ಪರಂಪರೆಯ ಒಂದು ಎಳೆ ಬಂದದ್ದು ಸ್ಕಾಟ್ ಫ್ಲೆಮಿಂಗ್ ಮೂಲಕ. ಅಮೆರಿಕದ ಸಣ್ಣ ಕಾಲೇಜಿನಲ್ಲಿ ಕೋಚ್ ಆಗಿದ್ದ ಅವರು 2012ರಲ್ಲಿ ಭಾರತ ಪುರುಷರ ತಂಡದ ಹೊಣೆ ಹೊತ್ತರು. 2014ರಲ್ಲಿ ಚೀನಾದ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತ ಚೀನಾವನ್ನು 65-58ರಿಂದ ಸೋಲಿಸಿದಾಗ ಬೆಂಚಿನಲ್ಲಿದ್ದದ್ದು ಅವರೇ. ಕರ್ನಾಟಕದ ಕ್ಲಬ್ಬುಗಳಲ್ಲಿ ಕೋಚ್‌ಗೆ ನೆರವಾಗಿ ಇನ್ನೊಬ್ಬರಿದ್ದರೆ ಅದೇ ದೊಡ್ಡದು. ಅಲ್ಲಿ ನೋವಾ ಯಂತ್ರ, ಗನ್ನು ಎಲ್ಲಿಯ ಮಾತು. ಆದರೆ ಟೇಪ್ ಸುತ್ತಿದ ಬಾಲು ಸಿಮೆಂಟ್ ಕೋರ್ಟಿನಲ್ಲೂ ಅಷ್ಟೇ ನಿಖರವಾಗಿ ಹೇಳುತ್ತದೆ. ಗಾಳಿ ಇರುವ ಸಂಜೆ ಮೂರು ಪಾಯಿಂಟಿನ ಲೆಕ್ಕ ನಂಬಬೇಡಿ, ಮೂರಡಿಯಿಂದ ಹತ್ತಕ್ಕೆ ಎಷ್ಟು ಎಂಬುದನ್ನು ಮಾತ್ರ ಬರೆದಿಡಿ. ಟೇಪು ಒಂದೇ ಸುತ್ತು ಸಾಕು, ಎರಡು ಸುತ್ತಿದರೆ ಹಿಡಿತ ಜಾರುತ್ತದೆ.